ಒಂದು ಅಳತೆ ಹೆಚ್ಚು

ಅಂಗಡಿಯ ಹಿಂದಿನ ಕೋಣೆ,
ಗುರುವಾರ, ೧೪ನೇ ತಾರೀಖು

ಪ್ರೀತಿಯ ಮಗಳೇ,

ಸಂಜೆ ಐದೂವರೆ. ಬೆಳಿಗ್ಗೆ ಎರಡು ಪ್ಯಾಂಟಿನ ಉದ್ದ ಕಡಿಮೆ ಮಾಡಿದೆ, ಒಂದು ಕೋಟಿಗೆ ಗುಂಡಿ ಹಾಕಿದೆ. ಮಧ್ಯಾಹ್ನದ ಮೇಲೆ ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ. ನಿನ್ನ ಮಣಿಕಟ್ಟು ಹೇಗಿದೆ? ಚಳಿಗೆ ಈಗಲೂ ಸೆಳೆಯುತ್ತದೆ ಎಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು. ರಾತ್ರಿ ನಿದ್ದೆ ಇಲ್ಲವಂತೆ, ತಟ್ಟೆಯ ಮುಂದೆ ಕೂತು ಎದ್ದುಬಿಡುತ್ತೀಯಂತೆ. ಹಾಗೆ ಮಾಡಬೇಡ ಮಗಳೇ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ. ಬರೆದಿದ್ದೇನೆ ಅಂದುಕೋ.

ಎಂಟು ತಿಂಗಳಿಂದ ಶೆಡ್ಡಿನಲ್ಲಿ ನಿಂತಿದ್ದ ಅಪ್ಪನ ಹಳೇ ಕಾರನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಸ್ಪ್ಯಾನರ್ ಮಾವನನ್ನು ಕರೆಸಿದ್ದೆ. ನಿನಗೆ ಗೊತ್ತಲ್ಲ, ಗ್ಯಾರೇಜು ಮುಚ್ಚಿ ಮೂರು ವರ್ಷವಾದರೂ ಅವನ ಜೇಬಿನಿಂದ ಸ್ಪ್ಯಾನರ್ ಇಳಿದಿಲ್ಲ. ಕಾಲಿನ ಒತ್ತನ್ನು ಹೆಚ್ಚಿಸಿಕೊಡುವ ಬ್ರೇಕಿನ ಬೂಸ್ಟರ್ ಕೆಟ್ಟಾಗ, ಅವನ ಕೈಗೆ ಕೊಟ್ಟರೆ ಕಾರು ಮೊಮ್ಮಕ್ಕಳ ಕಾಲಕ್ಕೆ ವಾಪಸ್ ಬರುತ್ತದೆ ಎಂದು ನಗಾಡಿ ಅಪ್ಪ ತಾನೇ ಕೆಲಸಕ್ಕೆ ಇಳಿದಿದ್ದರು. ಅಷ್ಟು ಹಳೇ ಕಾರಿಗೆ ಹೊಸ ಬೂಸ್ಟರ್ ಸಿಗಲಿಲ್ಲ. ಅದನ್ನು ಕಿತ್ತು, ಬರೀ ಕಾಲಿನ ಬಲದಿಂದ ನಿಲ್ಲುವ ಹಾಗೆ ಮಾಡಿದರು. ಪೆಡಲ್ ತುಳಿದಾಗ ಎಣ್ಣೆಯನ್ನು ಚಕ್ರಗಳಿಗೆ ನೂಕುವ ಮಾಸ್ಟರ್ ಸಿಲಿಂಡರನ್ನೂ ಆಗಲೇ ಹೊಸದಾಗಿ ಹಾಕಿದ್ದು.

ಮಾವ ಸೀಟಿನಲ್ಲಿ ಕೂತು ಒಂದು ಸಲ ಪೆಡಲ್ ತುಳಿದ. ಮತ್ತೊಂದು ಸಲ ತುಳಿದ. ಮನೆಗೆ ಹೋಗಿ ಒತ್ತಡ ಅಳೆಯುವ ಮೀಟರ್ ತಂದು ಮುಂದಿನ ಚಕ್ರದ ಬಳಿ ಜೋಡಿಸಿ, ನನ್ನನ್ನು ಸೀಟಿಗೆ ಕೂರಿಸಿದ. ಒಳ್ಳೇ ಬ್ರೇಕಾದರೆ ಮುಳ್ಳು ಕೆಂಪು ಗೆರೆ ದಾಟಬೇಕಂತೆ. ನಾನು ತುಳಿದೆ.

"ಅಕ್ಕಾ, ತುಳೀರಿ."

"ತುಳೀತಾ ಇದ್ದೀನಲ್ಲೋ."

"ಪೂರ್ತಿ ತುಳೀರಿ."

"ಇನ್ನೆಲ್ಲಿ ತುಳೀಲಿ? ಕಲ್ಲಿದ್ದ ಹಾಗಿದೆ."

ನನ್ನ ಬಾಯಿಂದ ಆ ಮಾತು ಬಂದದ್ದೇ ತಡ, ನೆನಪಾಯಿತು. ಅದು ನಿನ್ನ ಮಾತು. ಆಸ್ಪತ್ರೆಯ ಜಗಲಿಯಲ್ಲಿ ನೀನು ಇದನ್ನೇ ಹೇಳಿದ್ದೆ. ಎರಡೂ ಕಾಲು ಸೇರಿಸಿ ತುಳಿದೆ. ಮುಳ್ಳು ಗೆರೆಯ ಅರ್ಧಕ್ಕೂ ಬರಲಿಲ್ಲ.

ನನಗೆ ಅರ್ಥವಾಗಲೆಂದು ಮಾವ ನನ್ನ ಕೆಲಸದ ಭಾಷೆಯಲ್ಲೇ ಹೇಳಿದ. ಹೆಬ್ಬೆರಳಿಂದ ಎಷ್ಟು ಒತ್ತಿದರೂ ಬಟ್ಟೆ ತೂತಾಗುವುದಿಲ್ಲ, ಅಷ್ಟೇ ಬಲಕ್ಕೆ ಸೂಜಿ ದಾಟಿಹೋಗುತ್ತದೆ. ಸಿಲಿಂಡರಿನ ಬಾಯಿ ಚಿಕ್ಕದಾದಷ್ಟೂ ಅದೇ ಕಾಲಿನ ಬಲಕ್ಕೆ ಒತ್ತಡ ಹೆಚ್ಚು. ಬೂಸ್ಟರ್ ತೆಗೆದ ಮೇಲೆ ಚಿಕ್ಕ ಬಾಯಿಯದೇ ಬೇಕಿತ್ತು, ಹಾಕಿರುವುದು ದೊಡ್ಡದು. ಮತ್ತೆ ಇವರು ನಾಲ್ಕು ಸಲ ಓಡಿಸಿದರಲ್ಲೋ ಎಂದೆ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಅಕ್ಕಾ ಅದು, ಹೇಗೋ ನಿಲ್ಲಿಸಿದೆ ಎಂದ. ನಿನ್ನದು ನಲವತ್ತೈದು ಕೆಜಿಯ ಮೈ, ಅದಕ್ಕೆ ಕಾರು ನಿಲ್ಲಲಿಲ್ಲ. ಅದೂ ಮರದ ಡಿಪೋದ ಇಳಿಜಾರಿನಲ್ಲಿ, ಪಕ್ಕದಲ್ಲಿ ಅಪ್ಪ ಕೂತು ಕಲಿಸುತ್ತಿದ್ದಾಗ.

ನೀನು ತುಳಿದಿದ್ದೆ ಮಗಳೇ. ಸರಿಯಾದ ಪೆಡಲನ್ನೇ, ಸರಿಯಾದ ಹೊತ್ತಿಗೇ ತುಳಿದಿದ್ದೆ. ಅಪ್ಪನ ಮೈಮೇಲೆ ಇನ್ನೂ ಬಿಳಿ ಬಟ್ಟೆ ಹೊದಿಸಿರಲಿಲ್ಲ, ಆಗಲೇ ನಾನು ಅಂದೆ: "ಏನನ್ನ ತುಳಿದೆಯೋ, ನಿನಗೇ ಗೊತ್ತು." ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ, ಆದರೆ ಅದು ಮುರಿಯುವುದೆಲ್ಲ ಎಲುಬನ್ನೇ. ಅವತ್ತಿನಿಂದ ನೀನು ನನ್ನ ಮುಖ ನೋಡಿಲ್ಲ. ಚಿಕ್ಕಮ್ಮನ ಮನೆಗೆ ಹೋದಾಗ ಬೇಡ ಎನ್ನಲೂ ಇಲ್ಲ ನಾನು.

ಮಾವನೇ ಬಂದು ನಿನಗೆ ಎಲ್ಲ ವಿವರಿಸುತ್ತೇನೆ ಎಂದಿದ್ದಾನೆ. ಅವನು ಹೇಳಿದರೆ ನಂಬು, ನಾನು ಹೇಳಿದ್ದನ್ನು ನಂಬದಿದ್ದರೂ ಸರಿ. ಚಿಕ್ಕಮ್ಮನಿಗೆ ನೆನಪು ತಿಳಿಸು. ನಿನಗೆ ಒಳ್ಳೇ ನಿದ್ದೆ ಬರಲಿ, ಬೇರೆ ಆಶೀರ್ವಾದ ನನಗೆ ತೋಚುತ್ತಿಲ್ಲ.

ಇಂತಿ,
ನಿನ್ನ ಅಮ್ಮ

ಮರೆತದ್ದು: ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು. ಅಪ್ಪ ಬಿಡಿಭಾಗಗಳ ಅಂಗಡಿಯಿಂದ ಎರಡು ಅಳತೆಯ ಎರಡು ಸಿಲಿಂಡರ್ ತಂದಿದ್ದರು, ಒಂದನ್ನು ವಾಪಸ್ ಕೊಡುವ ಮಾತಾಗಿತ್ತು. ಕತ್ತರಿಸುವ ಮೇಜಿನ ಮೇಲೆ ಎರಡನ್ನೂ ಇಟ್ಟು ಯಾವುದು ಹಾಕಲಿ ಎಂದು ಕೇಳಿದರು. ಅವರ ಕೈಯಲ್ಲಿದ್ದದ್ದು ಚಿಕ್ಕದು. ನಾನು ಹೊಲಿಗೆಯಿಂದ ತಲೆ ಎತ್ತದೆ ಗಿರಾಕಿಗೆ ಹೇಳುವುದನ್ನೇ ಹೇಳಿದೆ: "ಒಂದು ಅಳತೆ ಹೆಚ್ಚೇ ಇರಲಿ. ದೊಡ್ಡದಾದ್ರೆ ಸರಿಮಾಡ್ಬೋದು, ಚಿಕ್ಕದಾದ್ರೆ ಏನ್ ಮಾಡೋದು?" ಅವರು ನಕ್ಕು ಚಿಕ್ಕದನ್ನು ಡಬ್ಬಿಗೆ ಹಾಕಿದರು. ಮಾವನಿಗೆ ಇದನ್ನು ಹೇಳಲಿಲ್ಲ. ನಿನಗೆ ಮೊದಲು ಗೊತ್ತಾಗಬೇಕು. ಇನ್ನೊಮ್ಮೆ ಓದಿದರೆ ಹರಿದುಹಾಕುತ್ತೇನೆ, ಅದಕ್ಕೇ ಈಗಲೇ ಲಕೋಟೆ ಅಂಟಿಸಿ ಬೀದಿಯ ಕೊನೆಯ ಪೆಟ್ಟಿಗೆಗೆ ಹಾಕಿ ಬರುತ್ತೇನೆ. ನಾಳೆ ಬೆಳಿಗ್ಗೆ ಎಂಟಕ್ಕೆ ಅದನ್ನು ತೆರೆಯುತ್ತಾರೆ.