ಹೊಲಿಯಬಹುದಿತ್ತು

ಅಪ್ಪನಿಗೆ,

ಕ್ಷೇಮ ಕೇಳಿ ಶುರುಮಾಡುವ ಮನಸ್ಸಿಲ್ಲ. ಮೊನ್ನೆ ಮೂಳೆ ಡಾಕ್ಟರ ಹತ್ತಿರ ಹೋಗಿದ್ದೆ. ಮೂವತ್ತಾರಕ್ಕೇ ನನ್ನ ಬಲ ಮೊಣಕಾಲು ಮುದುಕಿಯರ ಮೊಣಕಾಲಿನ ಹಾಗೆ ಸವೆದಿದೆಯಂತೆ. ಡಾಕ್ಟರಮ್ಮ ನನ್ನ ಹಳೆಯ ಫೈಲು ತರಿಸಿ ಓದಿದರು. "ಕೀಲಿನ ನಡುವಿನ ಮೆತ್ತೆ, ಮೆನಿಸ್ಕಸ್, ಹರಿದಿತ್ತು, ಅಷ್ಟೆ. ಹೊಲಿಯಬಹುದಿತ್ತು. ಯಾಕೆ ತೆಗೆಸಿಬಿಟ್ರಿ?" ಅಂದರು.

ಮೆನಿಸ್ಕಸ್ ಅನ್ನುವ ಪದವನ್ನು ನನಗೆ ಮೊದಲು ಕಲಿಸಿದ್ದು ನೀವೇ, ನೀವು ಪಾಠ ಮಾಡುತ್ತಿದ್ದ ಶಾಲೆಯ ಪ್ರಯೋಗಾಲಯದಲ್ಲಿ. ಅಳತೆಯ ಕೊಳವೆ ಬ್ಯೂರೆಟ್ಟಿನೊಳಗೆ ನೀರು ಗಾಜಿನ ಅಂಚಿಗೆ ಹತ್ತಿಕೊಂಡು, ನಡುವೆ ತಗ್ಗಾಗಿ ನಿಂತಿತ್ತು. "ಇದೇ ಮೆನಿಸ್ಕಸ್. ಕಣ್ಣು ಸಮಕ್ಕೆ ತಂದು ತಗ್ಗನ್ನೇ ಓದು. ಅಂಚು ನೋಡಿದವರು ಸುಳ್ಳು ಬರೀತಾರೆ" ಅಂದಿರಿ. ಹನಿ ಹೆಚ್ಚಾದರೆ ಮತ್ತೆ ಮೊದಲಿಂದ ಮಾಡಿಸುತ್ತಿದ್ದಿರಿ. ನೀವು ಹಾಲಿನ ಲೋಟವನ್ನೂ ಬಗ್ಗಿ ನೋಡಿಯೇ ಕುಡಿಯುತ್ತೀರಿ ಅಂತ ಅಮ್ಮ ನಗುತ್ತಿದ್ದಳು.

ಸಂಜೆಯಾದರೆ, ಮೈದಾನದಲ್ಲಿ ನಾನು ಓಡುವಾಗ, ಅದೇ ಕಣ್ಣು ಸ್ಟಾಪ್‌ವಾಚಿನ ಮೇಲೆ. ಆಗ ನನಗೆ ಹದಿನೇಳು. ತಿರುವಿನಲ್ಲಿ ಮೊಣಕಾಲು ಟಕ್ಕೆಂದು ನಾನು ಬಿದ್ದಾಗ "ನಾಟಕ ಸಾಕು, ಎದ್ದೇಳು" ಅಂದಿರಿ. ಇನ್ನೂ ಎರಡು ಸುತ್ತು ಓಡಿದೆ.

ಫೈಲಿನಲ್ಲಿ ಅಂದಿನ ಡಾಕ್ಟರು ಬರೆದಿದ್ದಾರೆ: "ಹೊಲಿದರೆ ಆರು ತಿಂಗಳು ವಿಶ್ರಾಂತಿ, ತೆಗೆದರೆ ಆರು ವಾರ. ಹೊಲಿಯುವುದೇ ಒಳ್ಳೆಯದೆಂದು ತಂದೆಗೆ ತಿಳಿಸಿದೆ, ಅವರು ಒಪ್ಪಲಿಲ್ಲ." ಕೆಳಗೆ ನಿಮ್ಮ ದುಂಡನೆಯ ಸಹಿ. ಎಂಟನೇ ವಾರಕ್ಕೆ ಓಟದ ಫೈನಲ್ ಇತ್ತಲ್ಲ! ನನಗೆ ಮಾತ್ರ "ಬೇರೆ ದಾರಿ ಇರ್ಲಿಲ್ಲ ಮಗಳೇ" ಅಂದಿರಿ. ನಿಮ್ಮ ಕೈ ಹಿಡಿದುಕೊಂಡೇ ಅತ್ತೆ. ನೀವೇ ನನ್ನ ಕಣ್ಣೊರೆಸಿದಿರಿ. ಫೈನಲ್ಲಿನಲ್ಲಿ ನಾಲ್ಕನೆಯವಳಾದೆ. ನೀವು ಸ್ಟಾಪ್‌ವಾಚನ್ನು ಜೇಬಿಗೆ ಹಾಕಿ ನನ್ನನ್ನು ಬಿಟ್ಟು ಮುಂದೆ ನಡೆದಿರಿ.

ಹೋದ ವಾರ ಫೋನಿನಲ್ಲಿ, ನೀವೀಗ ಓಟ ಕಲಿಸುತ್ತಿರುವ ಅಣ್ಣನ ಮಗಳ ಬಗ್ಗೆ ಉಬ್ಬಿಹೋಗಿ ಹೇಳಿದಿರಿ: "ಹನ್ನೆರಡಕ್ಕೇ ಏನು ಓಡ್ತಾಳೆ ಗೊತ್ತಾ! ನಿನ್ನ ಹಾಗಲ್ಲ, ಗಟ್ಟಿ. ಕಾಲು ನೋವು ಅಂತಾಳೆ, ಆದ್ರೂ ನಿಲ್ಲಲ್ಲ."

ನಿನ್ನೆ ಅವರ ಮನೆಗೆ ಹೋಗಿ ಫೈಲನ್ನು ಅತ್ತಿಗೆಯ ಮುಂದಿಟ್ಟೆ. ಓದಿದಳು. ಅಣ್ಣನೂ ಓದಿದ. ಅತ್ತಿಗೆ ಎದ್ದು ಮಗಳ ಓಟದ ಬೂಟುಗಳನ್ನು ಕಸದ ಬುಟ್ಟಿಗೆ ಹಾಕಿದಳು. "ತಾತ ಕಾಯ್ತಿರ್ತಾರೆ, ನಂಗೆ ಓಡ್ಬೇಕು" ಅಂತ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಕಾಯಲಿ ಬಿಡು ಅಂದೆ. ಅವಳಿಗೇನು ಬೇಕು ಅಂತ ನಾನೂ ಕೇಳಲಿಲ್ಲ. ಎಷ್ಟಾದರೂ ನಿಮ್ಮ ಮಗಳಲ್ಲವೇ?

ಸೋಮವಾರದಿಂದ ಅವಳು ಮೈದಾನಕ್ಕೆ ಬರುವುದಿಲ್ಲ. ನಾನೂ ಇನ್ನು ನಿಮ್ಮ ಮನೆಗೆ ಬರುವುದಿಲ್ಲ. ನಿಮ್ಮ ಕಾಲುಗಳು ಇನ್ನೂ ಗಟ್ಟಿಯಾಗಿವೆ, ಹಾಗೇ ಇರಲಿ. ನೂರು ವರ್ಷ ಬಾಳಿ, ಆ ಮೈದಾನದಲ್ಲಿ ಒಬ್ಬರೇ ಸುತ್ತು ಹಾಕುತ್ತಿರಿ.

ಇಷ್ಟು ಹರಸಿ ಮುಗಿಸುವ,
ನಿಮ್ಮ ಮಗಳು