ನಾಲ್ಕನೇ ಭಾಗದ ಹೂಂ

ಮಾರ್ಚ್ ೧೪, ಭಾನುವಾರ

ರೀ,

ಇದಕ್ಕಿಂತ ಒಳ್ಳೆಯ ಸಂಬೋಧನೆ ಹೊಳೆಯಲಿಲ್ಲ. ನಿಮ್ಮ ಹೆಸರು ಹಿಡಿದು ಬರೆದು ಅಭ್ಯಾಸವಿಲ್ಲ. "ಪ್ರಿಯ" ಎಂದು ಬರೆದರೆ ನೀವು ಕಾಗದ ತಪ್ಪಿ ಬಂದಿದೆಯೆಂದು ಲಕೋಟೆ ತಿರುಗಿಸಿ ವಿಳಾಸ ನೋಡುತ್ತೀರಿ. ನಾನು ಕ್ಷೇಮ. ಭಾವನವರ ಕಾಲು ಹೇಗಿದೆ? ಈಗ ಕೋಲಿಲ್ಲದೆ ಅಂಗಡಿಯ ಮೆಟ್ಟಿಲು ಹತ್ತುತ್ತಾರೆಂದು ಅಕ್ಕ ಹೇಳಿದರು. ಒಳ್ಳೆಯದಾಯಿತು. ನಿಮ್ಮ ಹಿಂದಿನ ಕಾಗದಕ್ಕೆ ಉತ್ತರಿಸಲು ತಡವಾದದ್ದಕ್ಕೆ ಬೇಸರ ಬೇಡ. ಮೂರೇ ಸಾಲು ಬರೆದಿದ್ದಿರಿ, ಅದರಲ್ಲಿ ಒಂದು ಗ್ಯಾಸಿನ ಬಗ್ಗೆ. ಏನೆಂದು ಉತ್ತರಿಸಲಿ ಹೇಳಿ. ಗ್ಯಾಸು ಬಂತು.

ಬಸ್ ನಿಲ್ದಾಣದಲ್ಲಿ ನನ್ನ ಕೆಲಸ ಇನ್ನೂ ಇದೆ. ಬಸ್ಸು ಹೊರಡುವುದನ್ನು ಕೂಗುವುದಕ್ಕೆ ಮೆಷಿನ್ ತಂದು ಕೂರಿಸಿದ್ದಾರೆ. ಅದು ಎಲ್ಲ ಊರುಗಳ ಹೆಸರನ್ನೂ ಒಂದೇ ಥರ ಹೇಳುತ್ತದೆ, ಯಾವ ಊರೂ ಬೇಡ ಅನ್ನಿಸುವ ಹಾಗೆ. ನನಗೆ ಉಳಿದಿರುವುದು ಕಳೆದುಹೋದವರ ಪಾಲು. ಕೆಂಪು ಅಂಗಿಯ ಮಗು, ಕಪ್ಪು ಚೀಲ, ಕಿವಿ ಕೇಳದ ಯಜಮಾನರು. ಕಳೆದುಹೋದದ್ದನ್ನು ಮೆಷಿನ್ ಕರೆದರೆ ಯಾರೂ ತಿರುಗಿ ನೋಡುವುದಿಲ್ಲವಂತೆ.

ಈ ಕಾಗದ ಬರೆಯುತ್ತಿರುವುದು ಲೈಬ್ರರಿಯವರು ಹೇಳಿದ್ದಕ್ಕೆ. ಅಂಧರ ಲೈಬ್ರರಿಗೆ ನಾನು ಓದಿ ರೆಕಾರ್ಡ್ ಮಾಡುತ್ತಿದ್ದ 'ತೇಲುವ ನಾಡು' ನಿಮಗೆ ಮರೆತಿರಲಿಕ್ಕಿಲ್ಲ. ಏಳು ಭಾಗದ ಕಾದಂಬರಿ, ಮೋಡದ ಮೇಲಿನ ಊರುಗಳು, ಅಲ್ಲಿ ದೋಣಿ ನಡೆಸುವವನ ಮಗಳು, ರಾಕ್ಷಸರು, ಮಾತಾಡುವ ಗಾಳಿ. ಮೊದಲ ನಾಲ್ಕು ಭಾಗ ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಓದಿದ್ದು. ಆ ಕಡೆ ಮೂಲೆಯಲ್ಲಿ ನೀವು ಕೆಟ್ಟ ಬೀಗಗಳನ್ನು ಹರವಿಕೊಂಡು ಕೂರುತ್ತಿದ್ದಿರಿ. "ನಿನ್ನ ಮಂತ್ರ ತಂತ್ರದ ಕಥೆ ಯಾರಿಗೆ ಬೇಕು" ಎನ್ನುತ್ತಿದ್ದವರು ನಾಲ್ಕನೆಯ ಭಾಗಕ್ಕೆ ಬರುವ ಹೊತ್ತಿಗೆ ಪುಟಕ್ಕೊಂದು ಸಲ ಹೂಂಗುಟ್ಟತೊಡಗಿದಿರಿ. ಅರದಿಂದ ಬೀಗದ ಕೈ ಉಜ್ಜುತ್ತ, ತಲೆ ಎತ್ತದೆ, "ಹೂಂ". ರೆಕಾರ್ಡರಿಗೆ ಎಲ್ಲ ಬಿತ್ತು. ಐದನ್ನೂ ಆರನ್ನೂ ನಾನು ಲೈಬ್ರರಿಯ ಕೋಣೆಯಲ್ಲೇ ಓದಿದೆ. ಅಲ್ಲಿ ಗೋಡೆಗೆಲ್ಲ ಸ್ಪಂಜು ಹೊಡೆದಿದ್ದಾರೆ, ನನ್ನ ಉಸಿರೇ ನನಗೆ ಕೇಳುವುದಿಲ್ಲ.

ಹೋದ ಭಾನುವಾರ ಕೇಳುಗರ ಸಭೆ ಇತ್ತು. ಯಾವ ಭಾಗ ಎಲ್ಲಕ್ಕಿಂತ ಚೆನ್ನ ಎಂಬ ಚರ್ಚೆ. ಉದ್ದನೆಯ ಮೇಜು, ಟೀ, ಕುರ್ಚಿಗೊರಗಿಸಿದ ಬಿಳಿ ಕೋಲುಗಳು. ನಾಲ್ಕು ಜನ ಸೇರಿದರೆ ಐದು ಅಭಿಪ್ರಾಯ ಎಂದುಕೊಂಡು ಹೋಗಿದ್ದೆ. ನಿವೃತ್ತ ಮೇಷ್ಟ್ರೊಬ್ಬರು ಎದ್ದುನಿಂತು "ಎರಡನೇ ಭಾಗ! ಯುದ್ಧ ಅಂದ್ರೆ ಅದು!" ಎಂದು ಮೇಜು ಕುಟ್ಟಿದರು. ಟೀ ಚೆಲ್ಲಿತು. ಅವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ನಾಲ್ಕನೆಯದಕ್ಕೇ ಕೈ ಎತ್ತಿದರು. ಕೈ ಎತ್ತಿದ್ದನ್ನು ನೋಡಿ ಎಣಿಸುವುದಕ್ಕೆ ಕಣ್ಣಿದ್ದವರು ನಾನೂ ಲೈಬ್ರರಿ ಮೇಡಮ್ಮೂ ಇಬ್ಬರೇ.

ನಾನು ಕಥೆಯ ಬಗ್ಗೆ ಹೇಳುತ್ತಾರೆಂದು ಕಾದೆ. ಎಲ್ಲಿಯ ಕಥೆ! ಟೆಲಿಫೋನ್ ಆಪರೇಟರ್ ಆಗಿದ್ದ ಹೆಂಗಸು ಮೊದಲು ಬಾಯಿಬಿಟ್ಟರು. "ನಾಲ್ಕರಲ್ಲಿ ಹೂಂ ಅಂತಾರಲ್ಲ, ಅವರು ಯಾರಮ್ಮಾ? ಒಬ್ಬಳೇ ಕೂತು ಕೇಳ್ತಿದೀನಿ ಅನ್ನಿಸೋದೇ ಇಲ್ಲ ನೋಡಿ." ಕುರ್ಚಿ ಹೆಣೆಯುವವರೊಬ್ಬರಿದ್ದಾರೆ, ಕಡಿಮೆ ಮಾತಿನ ಮನುಷ್ಯ. ಅವರೂ ಸೇರಿಕೊಂಡರು. "ಅವರು ಬೀಗದ ಕೆಲಸದವರು. ಅರ ಹಿಡಿದಿರೋ ಕೈ ಅದು, ನಂಗೆ ಗೊತ್ತಾಗುತ್ತೆ." ಅಂತೂ ನಿಮಗೆ ಅಲ್ಲಿ ಹೂಂ ರಾಯರು ಎಂದು ಹೆಸರಿಟ್ಟಾಗಿದೆ. ಆಮೇಲೆ ಐದು, ಆರರ ಮಾತು ಬಂತು. ಓದು ಸ್ಪಷ್ಟವಾಗಿದೆ, ಆದರೆ ಕಥೆ ಓದುತ್ತಿದ್ದಾಳೋ ಬಸ್ಸು ಹೊರಡುವ ವೇಳೆ ಹೇಳುತ್ತಿದ್ದಾಳೋ ತಿಳಿಯುವುದಿಲ್ಲವಂತೆ. ಮೇಷ್ಟ್ರು ಹಾಗೆಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಸಿಟ್ಟು ಬಂದಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಎಲ್ಲರ ಬಾಯಲ್ಲೂ ಇದ್ದದ್ದು ನಾಲ್ಕರ ಕೊನೆಯ ಅಧ್ಯಾಯ. ದೋಣಿಯವನ ಮಗಳು ಮಲಗಿರುವ ರಾಕ್ಷಸನ ಗುಹೆಯೊಳಗೆ ಹೋಗುತ್ತಾಳೆ. ಒಂದು ಸಣ್ಣ ಸದ್ದಾದರೂ ಅವನಿಗೆ ಎಚ್ಚರವಾಗುತ್ತದೆ. ಅವನ ತಲೆದಿಂಬಿನ ಕೆಳಗಿಂದ ಬೀಗದ ಕೈ ತೆಗೆದುಕೊಂಡು ಬರಬೇಕು. ಆ ಅಧ್ಯಾಯದ ಉದ್ದಕ್ಕೂ ನಿಮ್ಮ ಹೂಂ ಇಲ್ಲ. ಅರದ ಸದ್ದೂ ಇಲ್ಲ. ಅದೇ ಅವರಿಗೆಲ್ಲ ಹಿಡಿಸಿಬಿಟ್ಟಿದೆ! "ರಾಕ್ಷಸ ಎದ್ದುಬಿಟ್ಟಾನು ಅಂತ ರಾಯರೂ ಉಸಿರು ಬಿಗಿಹಿಡಿದು ಕೂತಿದ್ದಾರೆ, ಅಲ್ವಾ?" ಎಂದರು ಆಪರೇಟರಮ್ಮ. "ನಾನೂ ಹಾಗೇ ಕೂತಿದ್ದೆ. ಟೀ ತಣ್ಣಗಾಯ್ತು." ಆಮೇಲೆ ಅವಳು ದಿಂಬಿನ ಕೆಳಗೆ ಕೈ ಹಾಕುವ ಜಾಗದಲ್ಲಿ ಠಣ್ ಎಂದು ಒಂದು ಸದ್ದು ಬರುತ್ತದಲ್ಲ, ಅದಕ್ಕಂತೂ ಮೇಷ್ಟ್ರು ಕೂಡ ತಲೆಬಾಗಿದರು. "ಯುದ್ಧ ಬಿಟ್ರೆ ಅದೇ." ಅಲ್ಲಿಂದ ಕೊನೆಯವರೆಗೆ ನನ್ನ ಓದು ನಿಧಾನವಾಗುತ್ತದೆ, ಒಂದೊಂದೇ ಮಾತು ಎತ್ತಿಡುತ್ತೇನೆ, ಅಷ್ಟು ಚೆನ್ನಾಗಿ ನಾನು ಬೇರೆಲ್ಲೂ ಓದಿಲ್ಲ ಎಂಬುದು ಸಭೆಯ ಒಮ್ಮತ. ಕುರ್ಚಿಯವರು ಮಾತ್ರ ಸುಮ್ಮನಿದ್ದರು. ಕೇಳಿದ್ದಕ್ಕೆ, "ಅವರು ಕೆಲಸ ನಿಲ್ಲಿಸಿ ಕೂತಿದ್ರು. ಯಾಕೆ ಅಂತ ಗೊತ್ತಿಲ್ಲ" ಎಂದಷ್ಟೇ ಹೇಳಿ ಬಟ್ಟಲು ತಡಕಿದರು.

ಈಗ ವಿಷಯಕ್ಕೆ ಬರುತ್ತೇನೆ. ಲೈಬ್ರರಿಯವರು ಏಳು ಭಾಗವನ್ನೂ ಒಂದೇ ಅಚ್ಚುಕಟ್ಟಿನಲ್ಲಿ ಹೊರತರಬೇಕೆಂದು ಹೂಂ ಸೇರಿಹೋದ ನಾಲ್ಕನ್ನು ಸ್ಪಂಜಿನ ಕೋಣೆಯಲ್ಲಿ ಮತ್ತೆ ಓದಿಸಲು ಹೊರಟಿದ್ದರು. ಸಭೆಯಲ್ಲಿ ಅದನ್ನು ಹೇಳಿದ್ದೇ ತಡ, ಕೋಲುಗಳೆಲ್ಲ ನೆಲಕ್ಕೆ ಬಡಿದವು. ಮೇಡಂ ಬೆಚ್ಚಿಬಿದ್ದು ನಾಲ್ಕನ್ನು ಮುಟ್ಟುವುದಿಲ್ಲವೆಂದು ಒಪ್ಪಿಕೊಂಡರು. ಅಷ್ಟಕ್ಕೇ ಬಿಡಲಿಲ್ಲ ಕೇಳುಗರು. ಏಳನೆಯ ಭಾಗ, ಅಂದರೆ ಕೊನೆಯದು, ಇನ್ನೂ ಓದುವುದು ಬಾಕಿಯಿದೆ. ಅದನ್ನು ನಮ್ಮ ಮನೆಯ ಕೋಣೆಯಲ್ಲೇ ಓದಬೇಕು, ಹೂಂ ರಾಯರು ಅಲ್ಲೇ ಕೂತಿರಬೇಕು ಎಂಬುದು ಅವರ ಹಟ.

"ಅವರು ಊರಲ್ಲಿಲ್ಲ" ಎಂದೆ.

"ಯಾವಾಗ ಬರ್ತಾರೆ?" ಆಪರೇಟರಮ್ಮ ಬಿಡುವವರಲ್ಲ.

"ಅಣ್ಣನಿಗೆ ಕಾಲು ಮುರಿದಿತ್ತು, ಅಂಗಡಿ ನೋಡ್ಕೊಳ್ಳೋಕೆ ಹೋಗಿದ್ದಾರೆ."

"ಎಷ್ಟು ದಿನ ಆಯ್ತು?"

ನಾಲ್ಕು ವರ್ಷ ಎನ್ನಲು ನಾಲಿಗೆ ಏಳಲಿಲ್ಲ. ಸ್ವಲ್ಪ ದಿನ ಆಯಿತು ಎಂದೆ. ಕಣ್ಣಿಲ್ಲದವರ ಮುಂದೆ ಸುಳ್ಳು ಹೇಳುವುದು ಕಷ್ಟ ಕಣ್ರೀ, ಮುಖ ಗಂಟಿಕ್ಕಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಆಕೆ ಟೀಯ ಬಟ್ಟಲನ್ನು ನನ್ನ ಕಡೆ ಸರಿಸಿದರು.

ಮೇಡಂ ಒಂದು ಉಪಾಯ ಮಾಡಿ ಬುಧವಾರ ಲೈಬ್ರರಿಯ ಗೇಟಿನವನನ್ನು ನನ್ನ ಪಕ್ಕ ಕೂರಿಸಿ ಹೂಂ ಅನ್ನಿಸಿದರು. ಪಾಪ, ಒಳ್ಳೆಯವನು. ಆದರೆ ಕೋಣನ ಮುಂದೆ ಕಿನ್ನರಿ ನುಡಿಸಿದ ಹಾಗಾಯಿತು. ನಾಯಕಿ ಮೋಡದಿಂದ ಕೆಳಗೆ ಬೀಳುತ್ತಿದ್ದಾಳೆ, ಇವನು ಫೋನಿನಲ್ಲಿ ಸಾಲ ಕೊಟ್ಟವನಿಗೆ ಹೇಳಿದ ಹಾಗೆ "ಹೂಂ, ಹೂಂ, ಆಯ್ತು" ಎನ್ನುತ್ತಾನೆ. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಸ್ವಲ್ಪ ಅತ್ತೂಬಿಟ್ಟೆ, ಸ್ಪಂಜಿನ ಕೋಣೆಯಾದ್ದರಿಂದ ಹೊರಗೆ ಕೇಳಿಸಲಿಲ್ಲ.

ಆದ್ದರಿಂದ ಲೈಬ್ರರಿಯ ಪರವಾಗಿ ಕೇಳುತ್ತಿದ್ದೇನೆ. ಮುಂದಿನ ತಿಂಗಳು ಓದು ಶುರುವಾಗಬೇಕು. ಪುಸ್ತಕ ದಪ್ಪಗಿದೆ. ದಿನಕ್ಕೊಂದು ಅಧ್ಯಾಯವೆಂದರೂ ಮಳೆ ಹಿಡಿಯುವವರೆಗೆ ಆಗುತ್ತದೆ. ಬರುವುದಾದರೆ ಹೋಗಿ ಬರುವ ಬಸ್ಸಿನ ಖರ್ಚು ಲೈಬ್ರರಿಯದೇ. ಬರಲಾಗದಿದ್ದರೆ ಒಂದು ಸಾಲು ಬರೆಯಿರಿ, ಸ್ಪಂಜಿನ ಕೋಣೆಯಲ್ಲಿ ಒಬ್ಬಳೇ ಓದಿ ಮುಗಿಸುತ್ತೇನೆ. ಅವರಿಗೆ ನಾನು ಏನೋ ಒಂದು ಹೇಳಿಕೊಳ್ಳುತ್ತೇನೆ. ಒತ್ತಾಯವಿಲ್ಲ.

ಭಾವನವರಿಗೂ ಅಕ್ಕನಿಗೂ ನಮಸ್ಕಾರ ತಿಳಿಸಿ. ಮಕ್ಕಳಿಗೆ ಈ ದೊಡ್ಡಮ್ಮನ ಆಶೀರ್ವಾದ. ಚಿಕ್ಕಮ್ಮ ಎಂದು ಬರೆಯಬೇಕಿತ್ತು, ವಯಸ್ಸಾಯಿತು ನೋಡಿ. ಸಣ್ಣ ಬೀಗಗಳಿಗೆ ಕಣ್ಣು ಕೊಡುವಾಗ ದೀಪ ಹತ್ತಿರ ಇಟ್ಟುಕೊಳ್ಳಿ. ಬೆರಳುಗಳು ಜೋಪಾನ. ಎಲ್ಲಿದ್ದರೂ ಚೆನ್ನಾಗಿರಿ.

ನೀವು ಕರೆಯುತ್ತಿದ್ದ ಹಾಗೆಯೇ,
'ಇವಳೇ'

ಮರೆತಿದ್ದೆ: ಆ ಠಣ್ ಸದ್ದು ಯಾವುದೆಂದು ಸಭೆಯಲ್ಲಿ ಯಾರಿಗೂ ಹೇಳಿಲ್ಲ. ನಿಮಗೆ ನೆನಪಿದೆಯೋ ಇಲ್ಲವೋ. ಅವತ್ತು ನೀವು ಬೀಗ ಮುಟ್ಟದೆ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಿರಿ, ಅಧ್ಯಾಯದ ನಡುವೆ ಜೇಬಿನಿಂದ ನಮ್ಮ ಮನೆಯ ಬೀಗದ ಕೈ ತೆಗೆದು ಮೇಜಿನ ಮೇಲೆ ಇಟ್ಟಿರಿ. ನಾನು ನೋಡಿದೆ. ಓದು ಮುಗಿದ ಕೂಡಲೇ ನೀವು ಹೊರಡುವ ಮಾತು ಹೇಳುತ್ತೀರೆಂದು ಗೊತ್ತಾಯಿತು, ಅದಕ್ಕೇ ಅಷ್ಟು ನಿಧಾನವಾಗಿ ಓದಿದೆ. ಎಷ್ಟು ನಿಧಾನ ಮಾಡಿದರೂ ಮುಗಿಯಿತು. ರೆಕಾರ್ಡರ್ ನಿಲ್ಲಿಸಿದೆ. "ಆರು ತಿಂಗಳು, ಅಣ್ಣನ ಹತ್ರ ಇದ್ದು ಬರ್ತೀನಿ" ಎಂದಿರಿ. ಆರು ತಿಂಗಳಿಗೆ ಹೋಗುವವರು ಮನೆಯ ಬೀಗದ ಕೈ ಬಿಟ್ಟು ಯಾಕೆ ಹೋಗುತ್ತಾರೆ ಎಂದು ಕೇಳಬೇಕಿತ್ತು. ಹೂಂ ಅಂದೆ. ನಾಲ್ಕನೇ ಭಾಗದ ಕೊನೆಯ ಹೂಂ ನನ್ನದು, ಅದು ಯಾರಿಗೂ ಕೇಳಿಸಿಲ್ಲ. ಬೀಗದ ಕೈ ಇಟ್ಟಲ್ಲೇ ಇದೆ, ಒರೆಸುವಾಗ ಎತ್ತಿ ಒರೆಸಿ ಅಲ್ಲೇ ಇಡುತ್ತೇನೆ. ಬೀಗವನ್ನೂ ಬದಲಾಯಿಸಿಲ್ಲ. ಬದಲಾಯಿಸಬೇಕಾದರೆ ಬೀಗದವರನ್ನು ಕರೆಯಬೇಕಲ್ಲ, ನನಗೆ ಗೊತ್ತಿರುವುದು ನೀವೊಬ್ಬರೇ.