ನನ್ನ ಹೆಸರಿನ ಕಾಯಿಲೆ

ಜನವರಿ 9, ಬೆಳಿಗ್ಗೆ 7

ಅಂಕಣ ಇವತ್ತು ಸಂಜೆಯೊಳಗೆ ಪತ್ರಿಕೆಗೆ ಹೋಗಬೇಕು. ಮತ್ತೆ ಹುಳುಕಡ್ಡಿ. ಅದೇ ಮಾತು, ಹತ್ತನೇ ಸಲ. ಟವೆಲ್ ಹಂಚಿಕೊಳ್ಳಬೇಡಿ. ಒದ್ದೆ ಒಳಉಡುಪು ಹಾಕಬೇಡಿ. ಮೆಡಿಕಲ್ ಶಾಪಿನವನು ಕೈಗಿಡುವ ಟ್ಯೂಬು ಹಚ್ಚಬೇಡಿ — ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ, ಎರಡು ದಿನ ತುರಿಕೆ ನಿಲ್ಲುತ್ತದೆ, ಎರಡು ತಿಂಗಳಲ್ಲಿ ಮೈಗೆಲ್ಲ ಹಬ್ಬುತ್ತದೆ.

ನಿನ್ನೆ ಒಬ್ಬರು ಬಂದಿದ್ದರು. ಬಸ್ ಡ್ರೈವರ್. “ಡಾಕ್ಟ್ರೇ, ನೀವು ಬರೆದದ್ದನ್ನ ಕತ್ತರಿಸಿ ಫ್ರಿಜ್ ಮೇಲೆ ಅಂಟಿಸಿದೀವಿ.” ಸಂತೋಷ. ಅಂಗಿ ಜೇಬಿನಲ್ಲಿ ಅದೇ ಟ್ಯೂಬು. ಅರ್ಧ ಖಾಲಿ.

ತಿಂಡಿ ಹೊತ್ತಿಗೆ ನಾದಿನಿಯ ಬಲಗೈ ಕಣ್ಣಿಗೆ ಬಿತ್ತು. ಕಿರುಬೆರಳಿನ ಅಂಚಿಗೆ ಸುಟ್ಟ ಬೊಕ್ಕೆ, ಒಡೆದಿದೆ. ಬಟ್ಟೆ ಆಲ್ಟರ್ ಮಾಡುವ ಅಂಗಡಿಯಲ್ಲಿ ಕೆಲಸ ಅವಳದು. ಇಸ್ತ್ರಿಪೆಟ್ಟಿಗೆ ತಗುಲಿತಂತೆ.

“ಉರೀತಿಲ್ವೇನೇ?”

“ಇಲ್ಲ ಅತ್ತಿಗೆ. ವಾಸನೆ ಬಂದ್ಮೇಲೇ ಗೊತ್ತಾಗಿದ್ದು.”

ನಕ್ಕಳು. ಇಪ್ಪತ್ತೇಳು ತುಂಬಿದರೂ ಮನೆಯಲ್ಲಿ ಎಲ್ಲರಿಗೂ ಇನ್ನೂ ಚೋಟು. ನನಗೆ ನಗು ಬರಲಿಲ್ಲ. ನಾಳೆ ಕ್ಲಿನಿಕ್ಕಿಗೆ ಬಾ ಅಂದಿದ್ದೇನೆ.

ಜನವರಿ 10, ಮಧ್ಯಾಹ್ನ

ಕಣ್ಣು ಮುಚ್ಚಿಸಿ ಹತ್ತಿ ಎಳೆಯಿಂದ ಮುಟ್ಟಿದೆ. ಮುಟ್ಟಿದಾಗ ಹೇಳು ಅಂದೆ. ಒಂಬತ್ತು ಸಲ ಮುಟ್ಟಿದೆ, ನಾಲ್ಕು ಸಲ ಹೇಳಿದಳು. ಮುಂಗೈ ಮೇಲೆ ಮಾಸಲು ಬಿಳಿ ಮಚ್ಚೆ. ಇಂಥವೇ ಇನ್ನೂ ಆರು, ಬೆನ್ನಿನ ಮೇಲೆ. ಮೊಣಕೈ ಹಿಂದೆ, ಪೆಟ್ಟು ಬಿದ್ದರೆ ಕರೆಂಟು ಹೊಡೆಯುವ ಜಾಗದಲ್ಲಿ, ನರ ಹುರಿಯಂತೆ ದಪ್ಪಗಾಗಿದೆ.

ಕುಷ್ಠ.

ಬರೆದೆ. ಈ ಪುಸ್ತಕದಲ್ಲಾದರೂ ಬರೆದೆ. ಒಂದೇ ಮೇಜಿನಲ್ಲಿ ಎಂಟು ವರ್ಷದಿಂದ ಉಣ್ಣುತ್ತಿದ್ದೇನೆ, ಆ ಕೈಯನ್ನು ಎಂದೂ ಸರಿಯಾಗಿ ನೋಡಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ.

ಒಂದು ಸಮಾಧಾನ. ಬೆರಳಲ್ಲಿ ಶಕ್ತಿ ಇದೆ. ಒಂದು ವರ್ಷ ಮಾತ್ರೆ ತಪ್ಪದೆ ನುಂಗಿದರೆ, ನರ ನೋಯತೊಡಗಿದ ದಿನವೇ ನನ್ನ ಬಳಿ ಬಂದರೆ, ಕೈ ಉಳಿಯುತ್ತದೆ. ಸೂಜಿ ಹಿಡಿಯುವ ಕೈ ಅದು.

ಅವಳಿಗೆ ಏನೂ ಹೇಳಲಿಲ್ಲ. ಮೊದಲು ಇವರಿಗೆ ಹೇಳೋಣ ಅಂತ.

ಅದೇ ದಿನ, ಸಂಜೆ 6

ಕಾರಿನಲ್ಲೇ ಹೇಳಿದೆ. ಇವರು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದರು.

“ಆ ಹೆಸರು ಮಾತ್ರ ಮನೇಲಿ ಎತ್ತಬೇಡ.”

“ಅವಳಿಗೂ ಹೇಳಬಾರದಾ?”

“ಅವಳ ಬಾಯಲ್ಲಿ ಯಾವ ಮಾತು ನಿಂತಿದೆ? ಅಮ್ಮನಿಗೆ ಹೇಳ್ತಾಳೆ. ಅಮ್ಮ ಹಾಸಿಗೆ ಹಿಡೀತಾಳೆ. ಹುಡುಗನ ಕಡೆಯವರು ಈಗ ತಾನೇ ಹೂಂ ಅಂದಿದಾರೆ.”

“ವಾಸಿಯಾಗೋ ಕಾಯಿಲೆ ರೀ. ಮಾತ್ರೆ ಶುರು ಮಾಡಿದ್ಮೇಲೆ ಹರಡೋದೂ ಇಲ್ಲ.”

“ವಾಸಿಯಾಗುತ್ತಲ್ಲ. ಹಾಗಾದ್ರೆ ಹೆಸರು ಯಾಕೆ ಬೇಕು?”

ಉತ್ತರ ಗೊತ್ತಿತ್ತು. ಎರಡು ವರ್ಷದ ಹಿಂದೆ ಅಂಕಣದಲ್ಲಿ ನಾನೇ ಬರೆದಿದ್ದೆ — ರೋಗಿಗೆ ರೋಗದ ಹೆಸರು ಹೇಳಿ, ಹೆಸರಿಲ್ಲದ ಕಾಯಿಲೆಯ ಮಾತ್ರೆಯನ್ನು ಯಾರೂ ವರ್ಷಗಟ್ಟಲೆ ನುಂಗುವುದಿಲ್ಲ ಅಂತ. ಕಾರಿನಲ್ಲಿ ಅದನ್ನು ಹೇಳಲಿಲ್ಲ. ಆಯ್ತು ಅಂದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಚೋಟುಗೆ ಹೇಳಿದ್ದು: ನರಕ್ಕೆ ವಿಟಮಿನ್ ಸಾಲದು.

ಜನವರಿ 13

ಈ ಮಾತ್ರೆ ಅಂಗಡಿಯಲ್ಲಿ ಸಿಗುವುದಿಲ್ಲ. ಸರ್ಕಾರಿ ಆರೋಗ್ಯ ಕೇಂದ್ರಕ್ಕೇ ಹೋಗಬೇಕು. ಅಲ್ಲಿನ ಹಳೇ ನರ್ಸ್ ನನಗೆ ಗೊತ್ತು.

“ಪೇಷಂಟ್ ಬಂದಿಲ್ವಾ ಮೇಡಂ? ಹೆಸರು, ವಿಳಾಸ ಬರೀಬೇಕಲ್ಲ.”

ಚೋಟುವಿನ ಹೆಸರು ಬರೆಸಬಹುದಿತ್ತು. ಆದರೆ ಹುಡುಗನ ಅಕ್ಕ ಇದೇ ಕೇಂದ್ರಕ್ಕೆ ಮಗುವಿನ ಲಸಿಕೆಗೆ ಬರುತ್ತಾಳೆ. ರಿಜಿಸ್ಟರ್ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿರುತ್ತದೆ. ಸುಳ್ಳು ಹೆಸರು ಕೊಡೋಣವೆಂದರೆ ಗುರುತಿನ ಚೀಟಿ ಬೇಕು.

ನನ್ನದು ಕೊಟ್ಟೆ. ನನ್ನ ಹೆಸರು, ನನ್ನ ವಯಸ್ಸು.

ನರ್ಸ್ ಪೆನ್ನು ಕೈಗೆತ್ತಿಕೊಂಡಳು. ಆಮೇಲೆ ನನ್ನ ಕೈ ನೋಡಿದಳು. ಮನೆಯವರನ್ನು ನಾನೇ ಪರೀಕ್ಷೆ ಮಾಡುತ್ತೇನೆ, ನೀವು ಬರಬೇಡಿ ಅಂದೆ. ಹೂಂ ಅಂದಳು.

ಜಾಣತನ ಅಂದುಕೊಂಡೆ. ಮನೆಗೆ ಬರುವಾಗ ಸ್ವಲ್ಪ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಜನವರಿ 14

ಮಾತ್ರೆಗಳನ್ನೆಲ್ಲ ಕಾರ್ಡಿನಿಂದ ಬಿಡಿಸಿ ವಿಟಮಿನ್ ಡಬ್ಬಿಗೆ ಹಾಕಿದೆ. ತಿಂಡಿಯಾದ ಮೇಲೆ ಅಂಗೈ ಚಾಚಿದಳು. ಮೂತ್ರ ಕೆಂಪಾಗುತ್ತದೆ, ಹೆದರಬೇಡ ಅಂದೆ. “ಏನ್ ವಿಟಮಿನ್ನೋ ಅತ್ತಿಗೆ, ಬಣ್ಣ ಹಚ್ಚೋದಾ?” ಗಟಗಟ ನೀರು ಕುಡಿದಳು.

ಬೆನ್ನು ನೋವಿಗೆ ಮುಲಾಮು ಹಚ್ಚುವ ನೆಪದಲ್ಲಿ ಅತ್ತೆಯ ಮೈ ಪೂರ್ತಿ ನೋಡಿದೆ. ಮಚ್ಚೆ ಇಲ್ಲ. ಇವರಿಗೂ ಇಲ್ಲ. ನನಗೂ ಇಲ್ಲ.

ಮಾರ್ಚ್ 4

ಚೋಟು ಕಪ್ಪಾಗುತ್ತಿದ್ದಾಳೆ. ಆ ಮೂರು ಮಾತ್ರೆಗಳಲ್ಲಿ ಒಂದರ ಗುಣ ಅದು, ನಿಲ್ಲಿಸಿದ ಮೇಲೆ ನಿಧಾನವಾಗಿ ತಿಳಿಯಾಗುತ್ತದೆ. ಹೇಳಲು ಬಾಯಿ ಇಲ್ಲ. ಅತ್ತೆಗೆ ಸಂಕಟ. “ಊರಿನವರ ಮುಖಕ್ಕೆಲ್ಲ ಔಷಧಿ ಕೊಡ್ತೀಯ. ಮನೆ ಹುಡುಗಿ ಇದ್ದಿಲಾಗ್ತಿದಾಳೆ, ಕಣ್ಣಿಗೆ ಕಾಣಲ್ವಾ?”

ಬಿಸಿಲು ಅಂದೆ. ದಿನವಿಡೀ ಟ್ಯೂಬ್‌ಲೈಟ್ ಕೆಳಗೆ ಕೂರುವವಳಿಗೆ ಬಿಸಿಲಂತೆ. ಅತ್ತೆಯೂ ನಂಬಲಿಲ್ಲ, ನಾನೂ ನಂಬಲಿಲ್ಲ.

ಏಪ್ರಿಲ್ 17

ಹಳೇ ನರ್ಸ್ ವರ್ಗವಾಗಿ ಹೋಗಿದ್ದಾಳೆ. ಹೊಸಬಳು ಬಂದಿದ್ದಾಳೆ, ಕೆಲಸದಲ್ಲಿ ಚುರುಕು. ಅಂಥವರನ್ನು ನಾನೇ ಭಾಷಣಗಳಲ್ಲಿ ಹೊಗಳಿದ್ದೇನೆ.

ನಾನು ಕ್ಲಿನಿಕ್ಕಿನಲ್ಲಿದ್ದಾಗ ಮನೆಗೆ ಬಂದಳಂತೆ. ಬಾಗಿಲು ತೆರೆದವರು ಅತ್ತೆ. “ನಿಮ್ಮ ಸೊಸೆಗೆ ಕುಷ್ಠ ಇದೆಯಲ್ಲಮ್ಮ, ಮನೆಯವರೆಲ್ಲ ಒಂದ್ಸಲ ಮೈ ತೋರಿಸ್ಬೇಕು. ಹೆದರೋದೇನಿಲ್ಲ.” ಸರಿಯಾಗಿಯೇ ಹೇಳಿದ್ದಾಳೆ. ಸ್ಪಷ್ಟವಾಗಿ, ಮೃದುವಾಗಿ. ನಾನು ಕಲಿಸುವುದೂ ಹಾಗೆಯೇ.

ಅತ್ತೆ ಬಾಗಿಲು ಹಾಕಿಕೊಂಡರಂತೆ.

ಸಂಜೆ ಬಂದಾಗ ಮನೆ ಪೂರ್ತಿ ಫಿನಾಯಿಲ್ ವಾಸನೆ. ನನ್ನ ಲೋಟ, ತಟ್ಟೆ, ಎರಡು ಚಮಚ ಹಿತ್ತಿಲ ಕಟ್ಟೆಯ ಮೇಲೆ.

ಏಪ್ರಿಲ್ 18, ಬೆಳಿಗ್ಗೆ 6

ಇವರು ಹೇಳುತ್ತಾರೆ ಅಂತ ಕಾದೆ. ನಿನ್ನೆ ಊಟದ ಹೊತ್ತಿನಲ್ಲಿ ಅತ್ತೆ ಕೇಳಿದರು — “ಮದುವೆಗೆ ಮುಂಚೇನೇ ಇತ್ತಾ? ಮುಚ್ಚಿಟ್ಟು ಕೊಟ್ರಾ ನಿಮ್ಮಪ್ಪ?” ಇವರು ಅನ್ನ ಕಲಸುತ್ತಿದ್ದರು. ತಲೆ ಎತ್ತಲಿಲ್ಲ. ಐದು ವರ್ಷದ ಹಿಂದೆ ತೀರಿಕೊಂಡ ನನ್ನ ಅಪ್ಪನನ್ನು ಬೈಯುವಾಗಲೂ ಎತ್ತಲಿಲ್ಲ.

ಆಮೇಲೆ ಕೋಣೆಯಲ್ಲಿ, ಮೆಲ್ಲಗೆ — “ಮದುವೆ ಆಗೋವರೆಗೆ ಸಹಿಸ್ಕೋ. ನಿನಗೆ ಗೊತ್ತಲ್ಲ ನಿನಗೇನೂ ಇಲ್ಲ ಅಂತ.”

ಥೂ.

ಏಪ್ರಿಲ್ 20

ಚೋಟು ಅಂಗೈ ಚಾಚಲಿಲ್ಲ. “ಅಲ್ಲಿಡಿ ಅತ್ತಿಗೆ, ಆಮೇಲೆ ತಗೋತೀನಿ.” ಕುರ್ಚಿ ಹಿಂದಕ್ಕೆ ಸರಿಸಿಕೊಂಡಳು. ಒಂದು ಗೇಣು, ಹೆಚ್ಚಲ್ಲ. ನಾನು ನೋಡಬಾರದೆಂದು ಮೆಲ್ಲಗೆ.

ಕಾಗದದ ಮೇಲೆ ಮಾತ್ರೆ ಇಟ್ಟು ಹೊರಟುಬಿಟ್ಟೆ. ಹಾಗಾದರೆ ಹಾಗೇ ಆಗಲಿ. ನನಗೂ ರೋಷ ಇಲ್ಲವೇ.

ಮೇ 9

ಹುಡುಗನ ಕಡೆಯವರು ಇವತ್ತು ಬರುತ್ತಾರಂತೆ. ಅತ್ತೆ ಇವರ ಬಾಯಿಂದ ಹೇಳಿಸಿದರು, ನಾನು ಕ್ಲಿನಿಕ್ಕಿನಲ್ಲೇ ಇದ್ದರೆ ಒಳ್ಳೆಯದಂತೆ. ಭಾನುವಾರ. ಪೇಷಂಟ್ ಇಲ್ಲ. ಹಳೇ ಪತ್ರಿಕೆ ಓದುತ್ತಾ ಕೂತಿದ್ದೇನೆ. ಈ ವಾರದ ಅಂಕಣ ಕಜ್ಜಿ ಕುರಿತು: ಒಬ್ಬರಿಗೆ ಬಂದರೆ ಇಡೀ ಮನೆಯವರು ಒಂದೇ ದಿನ ಔಷಧಿ ಹಚ್ಚಿಕೊಳ್ಳಿ, ಯಾರನ್ನೂ ಬೇರೆ ಕೂರಿಸಬೇಡಿ. ಕೆಳಗೆ ನನ್ನ ಫೋಟೋ. ನಗುತ್ತಿದ್ದೇನೆ.

ಮಾತ್ರೆ ದಿನಾ ಕಾಗದದ ಮೇಲೆ ಇಡುತ್ತೇನೆ. ಸಂಜೆಗೆ ಕಾಗದ ಖಾಲಿ.

ಜೂನ್ 21, ಸಂಜೆ 5

ಅಂಗಡಿಯ ಯಜಮಾನಿ ಫೋನ್ ಮಾಡಿದರು. “ಡಾಕ್ಟ್ರೇ, ನಿಮ್ಮ ನಾದಿನಿ ಕೈಯಿಂದ ಕತ್ತರಿ ಜಾರಿ ಬೀಳ್ತಿದೆ. ಕೇಳಿದ್ರೆ ಏನಿಲ್ಲ ಅಂತಾಳೆ.” ಕಾಯುತ್ತಿದ್ದವರನ್ನು ಬಿಟ್ಟು ಓಡಿದೆ.

ಬಟ್ಟೆ ಹಾಕಿ ನೋಡುವ ಪುಟ್ಟ ಕೋಣೆಗೆ ಎಳೆದುಕೊಂಡು ಹೋದೆ. ಪರದೆ ಎಳೆದೆ. ಕೈ ಕೊಡಲಿಲ್ಲ, ಬೆನ್ನ ಹಿಂದೆ ಇಟ್ಟುಕೊಂಡಳು. ಬಲವಂತವಾಗಿ ಹಿಡಿದೆ. ಕಿರುಬೆರಳು, ಉಂಗುರದ ಬೆರಳು ಒಳಕ್ಕೆ ಮಡಚಿವೆ. ನೆಟ್ಟಗೆ ಮಾಡು ಅಂದೆ. ಆಗಲಿಲ್ಲ. ಮೊಣಕೈ ಮುಟ್ಟಿದರೆ ಚೀರಿದಳು.

“ಎಷ್ಟು ದಿನದಿಂದ ನೋವು?”

“ಐದು ವಾರ.”

“ನನಗ್ಯಾಕೆ ಹೇಳಲಿಲ್ಲ?”

ಕೈ ಎಳೆದುಕೊಳ್ಳಲು ನೋಡಿದಳು.

“ಮಾತ್ರೆ?”

“ಏಪ್ರಿಲ್‌ನಿಂದ ತಗೊಂಡಿಲ್ಲ. ಇಲ್ಲಿಯ ಕಸದ ಬುಟ್ಟಿಗೆ ಹಾಕ್ತಿದ್ದೆ. ನಿಮ್ಮ ಕೈಯಿಂದ ಬಂದದ್ದಲ್ವಾ ಅತ್ತಿಗೆ... ಬೇಜಾರು ಮಾಡ್ಕೋಬೇಡಿ. ಹೆದರಿಕೆ ಆಯ್ತು. ಅದಕ್ಕೇ ಕೈಯೂ ತೋರಿಸ್ಲಿಲ್ಲ.”

ಹೇಳಿದೆ. ಎಲ್ಲ ಹೇಳಿದೆ. ಹೆಸರು, ರಿಜಿಸ್ಟರ್, ವಿಟಮಿನ್ ಡಬ್ಬಿ. ಮೊದಲು ನಕ್ಕಳು. “ಸುಳ್ಳು. ಅದು ನಿಮಗೆ ಬಂದಿರೋದು.” ಆಮೇಲೆ ಎದುರಿನ ಕನ್ನಡಿ ನೋಡಿದಳು. ಬಹಳ ಹೊತ್ತು.

“ಅಣ್ಣನಿಗೆ ಗೊತ್ತಾ?”

“ಮೊದಲ ದಿನದಿಂದ.”

“ಆವತ್ತೇ ಹೇಳಿದ್ರೆ ನುಂಗ್ತಿದ್ದೆ ಅತ್ತಿಗೆ.”

ಅಷ್ಟೇ ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೊರಡುವಾಗ ಪರದೆ ಸರಿಸಲು ಬಿಡಲಿಲ್ಲ. “ಅಮ್ಮನಿಗೆ ಹೇಳ್ಬೇಡಿ. ಮುಂದಿನ ತಿಂಗಳು ನಿಶ್ಚಯ ಇದೆ. ಅದು ನಿಮ್ಮ ಹೆಸರಲ್ಲೇ ಇರಲಿ. ನಿಮಗೇನು, ಮದುವೆ ಆಗಿದೆ.”

ಜೂನ್ 22

ಇವರನ್ನು ಕೇಳಿದೆ, ಈಗಾದರೂ ಅಮ್ಮನಿಗೆ ಹೇಳುತ್ತೀರಾ ಅಂತ. “ನೀನು ಡಾಕ್ಟರ್. ನೀನು ನೋಡ್ಕೋಬೇಕಿತ್ತು.” ನಿಜ. ಈ ಮನುಷ್ಯ ಆರು ತಿಂಗಳಲ್ಲಿ ಹೇಳಿದ ಒಂದೇ ನಿಜ. ಖಾಲಿ ಕಾಗದ ನೋಡಿ ನುಂಗಿದ್ದಾಳೆ ಅಂತ ನಂಬಿದವಳು ನಾನು. ಬೇರೆಯವರು ಹೀಗೆ ಮಾಡಿದ್ದರೆ ಕ್ಲಿನಿಕ್ಕಿನಲ್ಲಿ ನಿಲ್ಲಿಸಿ ಬೈಯುತ್ತಿದ್ದೆ.

ನೋವು ಶುರುವಾದ ವಾರವೇ ನರದ ಊತ ಇಳಿಸುವ ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದರೆ ಬೆರಳು ಮಡಚುತ್ತಲೇ ಇರಲಿಲ್ಲ. ಐದು ವಾರ ಹೋಯಿತು. ಇನ್ನೂ ಬರಬಹುದು. ಬರದೆಯೂ ಇರಬಹುದು. ಇವತ್ತಿನಿಂದ ಶುರು, ಹಳೇ ಮಾತ್ರೆಗಳೂ ಮತ್ತೆ ಶುರು. ಎಲ್ಲವೂ ನನ್ನ ಕಣ್ಣೆದುರಿಗೇ.

ಜೂನ್ 27

ದಿನಾ ಬೆಳಿಗ್ಗೆ ಬಚ್ಚಲುಮನೆಯಲ್ಲಿ. ಅವಳು ಮೊದಲು ಹೋಗುತ್ತಾಳೆ, ಅತ್ತೆ ಅಡುಗೆಮನೆ ಸೇರಿದ ಮೇಲೆ ನಾನು. ಚಿಲಕ. ನಲ್ಲಿ ಬಿಟ್ಟಿರುತ್ತಾಳೆ, ಮಾತು ಕೇಳಿಸದಿರಲಿ ಅಂತ. ನನ್ನ ಕೈಯಿಂದ ಅವಳು ಏನಾದರೂ ತೆಗೆದುಕೊಂಡದ್ದು ಗೊತ್ತಾದರೆ ಅತ್ತೆ ರಂಪ ಮಾಡುತ್ತಾರೆ.

ನುಂಗುತ್ತಾಳೆ. ಬಾಯಿ ತೆರೆದು ತೋರಿಸುತ್ತಾಳೆ. ಆಮೇಲೆ ಮಡಚಿದ ಎರಡು ಬೆರಳ ನಡುವೆ ಕಾಗದದ ಚೂರು ಇಟ್ಟು ಗಟ್ಟಿ ಹಿಡಿ ಅನ್ನುತ್ತೇನೆ. ಎಳೆಯುತ್ತೇನೆ. ಸಲೀಸಾಗಿ ಬಂದುಬಿಡುತ್ತದೆ. ಆರು ದಿನವೂ ಹಾಗೆಯೇ.

“ಇವತ್ತು ಸ್ವಲ್ಪ ಹಿಡೀತು ಅಲ್ವಾ?” ಕೇಳುತ್ತಾಳೆ.

ಇಲ್ಲ ಅಂದೆ. ಇನ್ನು ಇವಳಿಗೆ ಸುಳ್ಳು ಹೇಳುವುದಿಲ್ಲ.

ಜುಲೈ 3, ಬೆಳಿಗ್ಗೆ 9

ಕ್ಲಿನಿಕ್ಕಿಗೆ ಹೊತ್ತಾಯಿತು. ಆದರೂ ಬರೆದೇ ಹೋಗುತ್ತೇನೆ.

ಇವತ್ತೂ ಕಾಗದ ಜಾರಿತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಅತ್ತೆ.

“ಎಷ್ಟು ಹೊತ್ತೇ ಚೋಟು? ಒಳಗೆ ಯಾರಿದೀರಾ?”

ನಲ್ಲಿ ನಿಲ್ಲಿಸಿದಳು.

“ಯಾರೂ ಇಲ್ಲಮ್ಮ. ನಾನೊಬ್ಬಳೇ.”

ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿ ನಿಂತು ಹೇಳಿದಳು. ನನ್ನ ಮನೆಯ ಬಚ್ಚಲಲ್ಲಿ ಗೋಡೆಗೆ ಬೆನ್ನು ಒತ್ತಿ ಉಸಿರು ಬಿಗಿಹಿಡಿದು ನಿಂತಿದ್ದೆ, ಕಳ್ಳಿಯ ಹಾಗೆ. ಹದಿನೆಂಟು ವರ್ಷದ ಡಾಕ್ಟರ್‌ಗಿರಿ. ಸಾಕು ಅನ್ನಿಸಿತು. ಚಿಲಕಕ್ಕೆ ಕೈ ಹಾಕಿದೆ.

ಅವಳು ನನ್ನ ಮಣಿಕಟ್ಟು ಹಿಡಿದಳು. ಮೂರು ಬೆರಳಿನಿಂದ, ಇದ್ದ ಶಕ್ತಿಯನ್ನೆಲ್ಲ ಹಾಕಿ. ಕಣ್ಣಲ್ಲಿ ನೀರು. ಬೇಡ ಅಂತ ತಲೆಯಾಡಿಸಿದಳು.

ಹೊರಗೆ ಅತ್ತೆ — “ಅವಳ ಟವೆಲ್ ಏನಾದ್ರೂ ಮುಟ್ಟೀಯ, ಹುಷಾರು.”

ಬಿಡಿಸಿಕೊಳ್ಳುವುದು ಕಷ್ಟವಿರಲಿಲ್ಲ. ಆ ಕೈಯಲ್ಲಿ ಈಗ ಎಷ್ಟು ಶಕ್ತಿ ಇದೆ ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದರೂ ನಾನು ಚಿಲಕದಿಂದ ಕೈ ತೆಗೆದೆ.